ಟಿಡಿಎಸ್ ಮೀಟರ್‌ಗೆ ಕಾಣದ್ದು ನೀರಿನಲ್ಲಿ ಬಹಳ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಪಕ್ಕದ ಮನೆಯ ಹುಡುಗಿ ಓಡಿ ಬಂದಳು. "ಆಂಟಿ, ನಮ್ಮ ನೀರು ಕೆಟ್ಟು ಹೋಗಿದೆಯಂತೆ, ಬೇಗ ಬನ್ನಿ" ಎಂದಳು. ಹೋಗಿ ನೋಡಿದರೆ ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಅವರ ನಲ್ಲಿ ನೀರು. ಇನ್ನೊಂದರಲ್ಲಿ ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದ ಹುಡುಗ ತನ್ನ ಬಾಟಲಿಯಿಂದ ಸುರಿದ ನೀರು. ಎರಡರೊಳಗೂ ಲೋಹದ ಕಡ್ಡಿಗಳು ಇಳಿದಿದ್ದವು. ಆ ಕಡ್ಡಿಗಳ ಪೆಟ್ಟಿಗೆಗೆ ಕರೆಂಟ್ ಕೊಟ್ಟಿದ್ದ. ನಲ್ಲಿ ನೀರು ನೋಡನೋಡುತ್ತಲೇ ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ಮೇಲೆಲ್ಲ ಕೊಳಕು ನೊರೆ, ತಳದಲ್ಲಿ ಹಸಿರು ಮಿಶ್ರಿತ ಕರಿ ಕೆಸರು. ಅವನ ಬಾಟಲಿಯ ನೀರು ಮಾತ್ರ ಇದ್ದ ಹಾಗೇ ಇತ್ತು. "ಇಷ್ಟು ದಿನ ನಿಮ್ಮ ಮಕ್ಕಳು ಕುಡಿದದ್ದು ಇದನ್ನೇ ಮೇಡಂ" ಎಂದ ಆ ಹುಡುಗ. ಮನೆಯಾಕೆಯ ಮುಖ ಬಿಳಿಚಿಕೊಂಡಿತ್ತು.

ನಾನು 31 ವರ್ಷ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ಕೆಲಸ ಮಾಡಿದವಳು. ಆ ಕಡ್ಡಿಗಳನ್ನು ನೋಡಿದ ತಕ್ಷಣ ಅದೇನೆಂದು ಗೊತ್ತಾಯಿತು. ಒಂದು ಚಿಟಿಕೆ ಉಪ್ಪು ತರಿಸಿ ಅವನ ಶುದ್ಧ ನೀರಿನ ಲೋಟಕ್ಕೆ ಹಾಕಿ ಕಲಕಿದೆ. ಮತ್ತೆ ಕರೆಂಟ್ ಕೊಡು ಎಂದೆ. ಅರ್ಧ ನಿಮಿಷ ಆಗಿರಲಿಲ್ಲ, ಅದೂ ಕಂದು ಬಣ್ಣಕ್ಕೆ ತಿರುಗಿತು. ಅದೇ ನೊರೆ, ಅದೇ ಕೆಸರು.

ಆ ಕೆಸರು ನೀರಿನದ್ದಲ್ಲ. ಕಡ್ಡಿಯದ್ದು. ಪ್ರತಿ ಲೋಟದಲ್ಲೂ ಒಂದು ಕಡ್ಡಿ ಕಬ್ಬಿಣದ್ದು, ಇನ್ನೊಂದು ಅಲ್ಯೂಮಿನಿಯಂದು. ಕರೆಂಟ್ ಹರಿದಾಗ ಕಬ್ಬಿಣ ಸವೆದು ನೀರಿಗೆ ಬರುತ್ತದೆ, ಅಲ್ಲೇ ತುಕ್ಕಾಗಿ ಮುದ್ದೆಗಟ್ಟುತ್ತದೆ. ಕರೆಂಟ್ ಹರಿಯಬೇಕಾದರೆ ನೀರಿನಲ್ಲಿ ಲವಣ ಇರಬೇಕು. ನಲ್ಲಿ ನೀರಿನಲ್ಲಿ ಇದೆ, ಹಾಗಾಗಿ ಕಡ್ಡಿ ಸವೆಯಿತು. ಅವನ ನೀರಿನಲ್ಲಿ ಲವಣ ಇರಲಿಲ್ಲ, ಹಾಗಾಗಿ ಕರೆಂಟ್ ಹರಿಯಲಿಲ್ಲ, ಕಡ್ಡಿ ಸವೆಯಲಿಲ್ಲ. ಅಷ್ಟೇ ವಿಷಯ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದಾರೆ, ಅವನು ಅದನ್ನೇ ನಂಬಿದ್ದಾನೆ. ಉಪ್ಪು ಹಾಕಿದ ಮೇಲೆ ಅವನ ಮುಖವೂ ಸಣ್ಣದಾಯಿತು.

ಹೊರಡುವ ಮುಂಚೆ ಅವನು ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆದ. "ಇದಂತೂ ಸುಳ್ಳು ಹೇಳಲ್ಲ ಅಲ್ವಾ ಮೇಡಂ?" ಎಂದ. ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಕಡ್ಡಿಯ ಆಟ ಒಂದು ಚಿಟಿಕೆ ಉಪ್ಪಿಗೆ ಬಯಲಾಗುತ್ತದೆ. ಮೀಟರ್ ವಿಷಯ ಹಾಗಲ್ಲ. ಅದು ನಿಜವಾದ ಉಪಕರಣ, ನಿಜವನ್ನೇ ಹೇಳುತ್ತದೆ. ಆದರೆ ಅದು ಹೇಳುವುದು ಒಂದೇ ಒಂದು ಮಾತು. ನಾವು ಅದನ್ನು ನೂರು ಪ್ರಶ್ನೆಗೆ ಉತ್ತರ ಅಂದುಕೊಂಡಿದ್ದೇವೆ. ಮನೆಗಳಲ್ಲಿ, ಸಭೆಗಳಲ್ಲಿ, ನಿಮ್ಮ ಪತ್ರಿಕೆಯಂಥ ಪತ್ರಿಕೆಗಳ ಸುದ್ದಿಯಲ್ಲೂ "ಇಲ್ಲಿನ ನೀರಿನ ಟಿಡಿಎಸ್ ಇಷ್ಟು, ಆದ್ದರಿಂದ ಕುಡಿಯಲು ಯೋಗ್ಯ" ಎಂಬ ವಾಕ್ಯ ಓದುತ್ತೇನೆ. ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಘನ ಪದಾರ್ಥದ ಒಟ್ಟು ತೂಕ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಲ್ಯಾಬಿನಲ್ಲಿ ಅದನ್ನು ತೂಗಿಯೇ ಕಂಡುಹಿಡಿಯುತ್ತೇವೆ. ಸೋಸಿದ ನೀರನ್ನು ಬಟ್ಟಲಿನಲ್ಲಿ ಪೂರ್ತಿ ಆರಿಸಿ, ಉಳಿದ ಪುಡಿಯನ್ನು ತಕ್ಕಡಿಗೆ ಹಾಕುತ್ತೇವೆ. ಜೇಬಿನ ಮೀಟರ್ ಏನನ್ನೂ ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಮಾತ್ರ ನೋಡುತ್ತದೆ. ಆ ಸಂಖ್ಯೆಯನ್ನು ಸುಮಾರು 0.5ರಿಂದ 0.7ರ ನಡುವಿನ ಒಂದು ಅಂಕಿಯಿಂದ ಗುಣಿಸಿ "ಟಿಡಿಎಸ್ ಇಷ್ಟು" ಎಂದು ತೋರಿಸುತ್ತದೆ. ಅಂದರೆ ಅದು ಅಂದಾಜು.

ಇದನ್ನು ನೀವೇ ಮಾಡಿ ನೋಡಬಹುದು. ಒಂದು ಲೋಟ ಡಿಸ್ಟಿಲ್ಡ್ ವಾಟರ್ ತೆಗೆದುಕೊಳ್ಳಿ. ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಅದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕರಗಿಸಿ. ನೀರು ಅಂಟು ಅಂಟಾಗುತ್ತದೆ, ಮೀಟರ್ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಸಕ್ಕರೆಗೆ ವಿದ್ಯುತ್ ಒಯ್ಯುವ ಶಕ್ತಿ ಇಲ್ಲ. ಆ ಮೀಟರಿನ ಕಣ್ಣಿಗೆ ಸಕ್ಕರೆ ಇಲ್ಲವೇ ಇಲ್ಲ. ಎಷ್ಟೋ ಕೀಟನಾಶಕಗಳೂ ಹಾಗೆಯೇ. ಪೆಟ್ರೋಲ್, ಡೀಸೆಲ್ ಅಂಶವೂ ಹಾಗೆಯೇ. ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳಂತೂ ಅದಕ್ಕೆ ಕಾಣುವುದೇ ಇಲ್ಲ.

ವಿದ್ಯುತ್ ಒಯ್ಯುವ ವಿಷಗಳಾದರೂ ಕಾಣುತ್ತವೆಯೇ? ಆರ್ಸೆನಿಕ್ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿಕೊಟ್ಟ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಪಾಲು ಮಾಡಿ ಅದರಲ್ಲಿ ಒಂದೇ ಪಾಲನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಎಷ್ಟೋ, ಅಷ್ಟು. ನೀರಿನಲ್ಲಿ ಅದರ ಹತ್ತು ಪಟ್ಟು ಆರ್ಸೆನಿಕ್ ಇದೆ ಎಂದುಕೊಳ್ಳಿ. ಆಗಲೂ ಅದು 0.1 ಮಿಲಿಗ್ರಾಂ. ಜೇಬಿನ ಮೀಟರ್ 1, 2, 3 ಎಂದು ಪೂರ್ಣ ಸಂಖ್ಯೆಯಲ್ಲಿ ಎಣಿಸುತ್ತದೆ. 400 ತೋರಿಸುವ ನೀರಿಗೆ ಈ ವಿಷ ಬೆರೆಸಿದರೆ ಆಮೇಲೂ 400 ಎಂದೇ ತೋರಿಸುತ್ತದೆ.

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. ಒಂದೇ ದಿನ ಬಂದ ಎರಡು ಕೊಳವೆಬಾವಿಗಳ ನೀರು. ಮೊದಲನೆಯದರ ಟಿಡಿಎಸ್ 1,100. ಗಡಸುತನ, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣದ ಅಳತೆ, 600. ಎರಡನೆಯದು ಟಿಡಿಎಸ್ 420, ಗಡಸುತನ ಬರೀ 60. ಗಡಸುತನ ನೋಡುವ ಪರೀಕ್ಷೆ ನನಗೆ ಯಾವತ್ತೂ ಇಷ್ಟ. ಫ್ಲಾಸ್ಕಿನಲ್ಲಿ ನೀರು ಹಾಕಿ, ಬಣ್ಣದ ಸೂಚಕ ಹಾಕಿದರೆ ನೀರು ನೇರಳೆಗೆಂಪಾಗುತ್ತದೆ. ಮೇಲಿನ ಬ್ಯೂರೆಟ್ ಎಂಬ ಅಳತೆಗೊಳವೆಯಿಂದ, ಆ ಲವಣಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು, ಫ್ಲಾಸ್ಕನ್ನು ಕೈಯಲ್ಲಿ ತಿರುಗಿಸುತ್ತಲೇ ಇರಬೇಕು. ಕೊನೆಯ ಒಂದು ಹನಿಗೆ ಕೆಂಪೆಲ್ಲ ಹೋಗಿ ತಿಳಿ ನೀಲಿ ಆಗಿಬಿಡುತ್ತದೆ. ಆ ದಿನ ಮೊದಲ ಬಾಟಲಿಯ ನೀರಿಗೆ ಹನಿ ಬಿಟ್ಟು ಬಿಟ್ಟು ಕೈ ಸೋತಿತ್ತು. ಎರಡನೆಯದು ಕ್ಷಣದಲ್ಲಿ ನೀಲಿಯಾಯಿತು. ನಮ್ಮ ಲ್ಯಾಬಿನ ಸಹಾಯಕ "ಎಷ್ಟು ಒಳ್ಳೆ ನೀರು ಮೇಡಂ" ಎಂದ. ನೀರು ತಂದಿದ್ದ ತಂದೆಯೂ ಹೆಮ್ಮೆಯಿಂದ "ಸೋಪು ಚೆನ್ನಾಗಿ ನೊರೆ ಬರುತ್ತೆ, ಬಾಯಿಗೆ ಸಿಹಿ" ಎಂದರು. ಅವರ ಜೊತೆ ಒಬ್ಬ ಮಗ ಇದ್ದ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ.

ಫ್ಲೋರೈಡ್ ನೋಡಿದೆವು. ಮೊದಲ ನೀರಿನಲ್ಲಿ ಲೀಟರಿಗೆ 0.6 ಮಿಲಿಗ್ರಾಂ. ಆ ಸಿಹಿ ನೀರಿನಲ್ಲಿ 3.8. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿನ ಮೇಲೆ ಅಂಥ ಕಲೆ ಬೀಳುತ್ತದೆ.

ಇದು ಅಕಸ್ಮಾತ್ ಅಲ್ಲ. ನೆಲದೊಳಗಿನ ಲೆಕ್ಕವೇ ಹಾಗಿದೆ. ಮಳೆ ಹನಿ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದು ಸ್ವಲ್ಪ ಹುಳಿಯಾಗಿರುತ್ತದೆ, ಪಿಎಚ್ ಸುಮಾರು 5.6 (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿ ಆ ಅನಿಲ ಇನ್ನೂ ಜಾಸ್ತಿ. ನೀರು ಮತ್ತಷ್ಟು ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತಾ ಸಿಕ್ಕಿದ್ದನ್ನು ಕರಗಿಸಿಕೊಳ್ಳುತ್ತದೆ. ಸುಣ್ಣದ ಕಲ್ಲು ಸಿಕ್ಕರೆ ಕ್ಯಾಲ್ಸಿಯಂ ಬರುತ್ತದೆ, ನೀರು ಗಡುಸಾಗುತ್ತದೆ. ಗ್ರಾನೈಟ್ ಸಿಕ್ಕರೆ ಅದರೊಳಗಿನ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿಂದ ಫ್ಲೋರೈಡ್ ಬರುತ್ತದೆ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಎರಡೂ ಒಂದೇ ನೀರಿನಲ್ಲಿ ಜಾಸ್ತಿ ಇರಲಾರವು. ಇದ್ದರೆ ಸೇರಿಕೊಂಡು ಗಟ್ಟಿಯಾಗಿ ಕೆಳಗೆ ಕೂತುಬಿಡುತ್ತವೆ. ಆದರೆ ಆಳದಲ್ಲಿ, ಬಹಳ ಕಾಲ ನಿಂತ ನೀರು ಜೇಡಿಮಣ್ಣಿನ ಖನಿಜಗಳ ಸಂಪರ್ಕದಲ್ಲಿ ತನ್ನ ಕ್ಯಾಲ್ಸಿಯಂ ಕೊಟ್ಟು ಸೋಡಿಯಂ ತೆಗೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದ ಮೇಲೆ ಫ್ಲೋರೈಡನ್ನು ಹಿಡಿದು ಕೂರಿಸುವವರು ಯಾರೂ ಇಲ್ಲ. ಹಾಗಾಗಿ ಕೆಲವು ಕಡೆ ಮೆತ್ತನೆಯ, ಸಿಹಿಯಾದ, ಆಳದ ನೀರಿನಲ್ಲೇ ಫ್ಲೋರೈಡ್ ಹೆಚ್ಚು. "ಆಳಕ್ಕೆ ಹೋದಷ್ಟೂ ಶುದ್ಧ ನೀರು" ಎಂಬ ಮಾತನ್ನು ನಾನು ಸರ್ವಿಸ್ಸಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗೆಲ್ಲ ಆ ಹುಡುಗನ ಹಲ್ಲು ಕಣ್ಣ ಮುಂದೆ ಬರುತ್ತದೆ.

ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಎಂದು ಜನ ಹೆದರುತ್ತಾರೆ. ಅದು ಸುಣ್ಣ. ನೀರು ಕಾದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ಪೈಪಿಗೆ, ಗೀಸರಿಗೆ ತೊಂದರೆ ನಿಜ. ಆದರೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ಟಿಡಿಎಸ್‌ಗೂ ಅಷ್ಟೇ. 600ಕ್ಕಿಂತ ಕಡಿಮೆ ಇದ್ದರೆ ರುಚಿ ಚೆನ್ನ, 1,000 ದಾಟಿದರೆ ರುಚಿ ಕೆಡುತ್ತಾ ಹೋಗುತ್ತದೆ ಎಂದಷ್ಟೇ ಅದು ಹೇಳುತ್ತದೆ. ಅದು ನಾಲಿಗೆಯ ಲೆಕ್ಕ. ಆರೋಗ್ಯದ ಲೆಕ್ಕವಲ್ಲ. ನಾವು ಕಣ್ಣಿಗೆ ಕಾಣುವ ಬಿಳಿ ಪೊರೆಗೆ ಹೆದರುತ್ತೇವೆ. ಕಾಣದ ಫ್ಲೋರೈಡನ್ನು ಕುಡಿದುಕೊಂಡು ಸುಮ್ನೆ ಇರುತ್ತೇವೆ.

ಹುಡುಕದ್ದು ಸಿಗುವುದಿಲ್ಲ. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ. ಫ್ಲೋರೈಡಿನ ಕಥೆಯನ್ನೇ ನೋಡಿ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಬಂದರು. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಕಂಡರು. ನೀರಿನಲ್ಲೇ ಏನೋ ಇದೆ ಎಂದು ಅವರಿಗೆ ಅನುಮಾನ ಬಂತು. ನೀರನ್ನು ಪರೀಕ್ಷೆಗೆ ಕೊಟ್ಟರೆ ಮಾಮೂಲಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ಕೆಮಿಸ್ಟ್ ಎಚ್. ವಿ. ಚರ್ಚಿಲ್ ಬೇರೊಂದು ಊರಿನ ನೀರನ್ನು ಸ್ಪೆಕ್ಟ್ರೋಗ್ರಾಫ್ ಎಂಬ ಯಂತ್ರದಲ್ಲಿ ನೋಡಿದರು. ಅಲ್ಲಿನ ಮಕ್ಕಳ ಹಲ್ಲಿನಲ್ಲೂ ಅದೇ ಕಲೆ ಇತ್ತು. ನೀರಿನಲ್ಲಿ ಫ್ಲೋರೈಡ್ ಸಿಕ್ಕಿತು. ಮೆಕೇ ಅವರ ಊರಿನ ನೀರಿನಲ್ಲೂ ಅದೇ ಇತ್ತು. ಕಲೆ ಕಂಡದ್ದಕ್ಕೂ ಕಾರಣ ಸಿಕ್ಕಿದ್ದಕ್ಕೂ ನಡುವೆ ಮೂವತ್ತು ವರ್ಷ. ಅಷ್ಟೂ ವರ್ಷ ಫ್ಲೋರೈಡ್ ನೀರಿನಲ್ಲೇ ಇತ್ತು. ಅದಿದೆಯಾ ಎಂದು ಯಾರೂ ಕೇಳಿರಲಿಲ್ಲ ಅಷ್ಟೇ.

ಬಾಂಗ್ಲಾದೇಶದ್ದು ಇದಕ್ಕಿಂತ ನೋವಿನ ಕಥೆ. ಕೆರೆಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದ ಕಾಲ. 1970ರ ದಶಕದಿಂದ ಲಕ್ಷಗಟ್ಟಲೆ ಕೈಪಂಪಿನ ಕೊಳವೆಬಾವಿಗಳನ್ನು ಹಾಕಿದರು. ಒಳ್ಳೆಯ ಉದ್ದೇಶದಿಂದಲೇ ಹಾಕಿದರು. ತಿಳಿಯಾದ ನೀರು ಬಂತು, ರೋಗಾಣುಗಳೂ ಕಡಿಮೆ. ಆದರೆ ಆ ನೆಲ ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣು. ಅದರ ಕಣಗಳಿಗೆ ಅಂಟಿದ ತುಕ್ಕಿನ ಪೊರೆಯಲ್ಲಿ ಆರ್ಸೆನಿಕ್ ಇರುತ್ತದೆ. ಮಣ್ಣಿನಡಿ ಹೂತುಹೋದ ಸಸ್ಯದ ಅಂಶ ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಆ ತುಕ್ಕನ್ನೇ ಬಳಸಿಕೊಂಡು ಕರಗಿಸುತ್ತವೆ, ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಯಾವ ಕಾರ್ಖಾನೆಯೂ ಇಲ್ಲ, ಯಾರೂ ಏನೂ ಸುರಿದಿಲ್ಲ. ನೆಲದ ಸಹಜ ಕೆಲಸ ಅದು. 1992ರಲ್ಲಿ ಬ್ರಿಟನ್ನಿನ ಭೂವಿಜ್ಞಾನ ಸಮೀಕ್ಷೆಯವರು ಅಲ್ಲಿನ ಕೆಲವು ಬಾವಿಗಳ ನೀರನ್ನು ಪರೀಕ್ಷೆ ಮಾಡಿದ್ದರು. ಅನೇಕ ಅಂಶಗಳನ್ನು ನೋಡಿದ್ದರು. ಆರ್ಸೆನಿಕ್ ನೋಡಿರಲಿಲ್ಲ. ಅದರ ಮರುವರ್ಷವೇ ಆ ದೇಶದ ಬಾವಿಯಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಆ ಹೊತ್ತಿಗೆ ಎಷ್ಟೋ ಜನರ ಅಂಗೈ, ಅಂಗಾಲು ಗಂಟುಗಂಟಾಗಿತ್ತು.

ಆಮೇಲೆ ಅಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಒಂದೊಂದೇ ಬಾವಿಯನ್ನು ಪರೀಕ್ಷೆ ಮಾಡಿ ಪಂಪಿನ ಮೂತಿಗೆ ಬಣ್ಣ ಬಳಿದರು. ಮಿತಿ ಮೀರಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಓದು ಬಾರದವರಿಗೂ ಗೊತ್ತಾಗುತ್ತದೆ. ಕೆಂಪು ಪಂಪಿನ ಪಕ್ಕದಲ್ಲೇ ಹಸಿರು ಪಂಪ್ ಇರುವುದೂ ಉಂಟು. ಹತ್ತು ಹೆಜ್ಜೆ ದೂರದಲ್ಲಿ, ಬೇರೆ ಆಳದಲ್ಲಿ ಬೇರೆಯದೇ ನೀರು. ಪಕ್ಕದ ಮನೆಯ ರಿಪೋರ್ಟ್ ನೋಡಿ ನಮ್ಮ ಬಾವಿಯ ನೀರೂ ಸರಿ ಇದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ರೋಗಾಣುಗಳ ವಿಷಯ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನಿಂದ ಕಾಲರಾ ಹರಡಿ 600ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಬೆನ್ನು ಹತ್ತಿ ಹೋದ ಡಾ. ಜಾನ್ ಸ್ನೋ ಮೊದಲು ಆ ನೀರನ್ನು ನೋಡಿದಾಗ ಅದರಲ್ಲಿ ಅಂಥ ಕೊಳಕೇನೂ ಕಾಣಲಿಲ್ಲ, ಈ ನೀರೇ ಕಾರಣವೋ ಅಲ್ಲವೋ ಎಂದು ಅವರಿಗೇ ಅನುಮಾನವಾಯಿತು. ಆ ಬೀದಿಯಿಂದ ದೂರ ಹೋಗಿ ನೆಲೆಸಿದ್ದ ಒಬ್ಬ ವಿಧವೆ ಆ ಪಂಪಿನ ನೀರಿನ ರುಚಿಯೇ ಬೇಕೆಂದು ದಿನಾ ಬಾಟಲಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಅವರೂ ಕಾಲರಾದಿಂದ ಸತ್ತರು. ಆ ನೀರಿಗೆ ನಮ್ಮ ಜೇಬಿನ ಮೀಟರ್ ಅದ್ದಿದ್ದರೆ ಒಂದು ಸಂಖ್ಯೆ ಬರುತ್ತಿತ್ತು. ಕಾಲರಾ ಬಗ್ಗೆ ಅದು ಏನೂ ಹೇಳುತ್ತಿರಲಿಲ್ಲ.

ಹಾಗಾದರೆ ಕುದಿಸಿ ಕುಡಿದರಾಯಿತಲ್ಲ ಎನ್ನುತ್ತಾರೆ. ರೋಗಾಣುಗಳಿಗೆ ಅದೇ ಸರಿಯಾದ ಮದ್ದು. ಧೈರ್ಯವಾಗಿ ಕುದಿಸಿ. ಆದರೆ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅವು ಹಿಂದೆ ಉಳಿಯುತ್ತವೆ. ಒಂದು ಲೀಟರ್ ಇದ್ದದ್ದು ಮುಕ್ಕಾಲು ಲೀಟರ್ ಆಗುವ ತನಕ ಕುದಿಸಿದರೆ ಅವುಗಳ ಪ್ರಮಾಣ ಮೂರನೇ ಒಂದು ಪಾಲು ಹೆಚ್ಚಾಗುತ್ತದೆ. ನೈಟ್ರೇಟ್ ವಿಷಯದಲ್ಲಿ ಇದು ಎಳೆ ಕೂಸುಗಳಿಗೆ ಅಪಾಯ. ಗೊಬ್ಬರದಿಂದ, ಪಾಯಿಖಾನೆಯ ಗುಂಡಿಗಳಿಂದ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಬಾಟಲಿ ಹಾಲು ಕುಡಿಯುವ ಕೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಕೂಸಿನ ರಕ್ತ ಆಮ್ಲಜನಕ ಒಯ್ಯಲಾಗದೆ ಮೈ ನೀಲಿಯಾಗುತ್ತದೆ. ಬಾವಿ ನೀರಿಗೂ ಇದಕ್ಕೂ ಸಂಬಂಧ ಇದೆ ಎಂದು 1945ರಲ್ಲಿ ಅಮೆರಿಕದ ಡಾಕ್ಟರ್ ಹಂಟರ್ ಕಾಮ್ಲಿ ಬರೆದರು. ಕೂಸಿಗೆ ಒಳ್ಳೆಯದಾಗಲಿ ಎಂದು ಹೆಚ್ಚು ಹೊತ್ತು ಕುದಿಸುವ ತಾಯಿಗೆ ಇದು ಗೊತ್ತಿರಬೇಕು ಅಲ್ವಾ? ಅವಳಿಗೆ ಯಾರೂ ಹೇಳುವುದೇ ಇಲ್ಲ.

ಮೀಟರನ್ನು ನಾನು ಬೈಯುತ್ತಿಲ್ಲ. ನನ್ನ ಚೀಲದಲ್ಲಿ ಈಗಲೂ ಒಂದು ಇದೆ. ಅದು ಬದಲಾವಣೆ ಹಿಡಿಯುವುದರಲ್ಲಿ ಗಟ್ಟಿ. ಒಂದು ಬಾವಿ ವರ್ಷಗಟ್ಟಲೆ 400 ತೋರಿಸುತ್ತಿದ್ದು ಒಮ್ಮೆಲೇ 700 ಆದರೆ ಅಲ್ಲೇನೋ ನಡೆದಿದೆ ಎಂದು ಅರ್ಥ. ಸಮುದ್ರದ ಹತ್ತಿರವಂತೂ ಅದು ದೊಡ್ಡ ಕಾವಲುಗಾರ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರು ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ತನಕ ಸಿಹಿನೀರೇ ಇರುತ್ತದೆ ಎಂಬುದು ಲೆಕ್ಕ. ಇದನ್ನು ಉಲ್ಟಾ ಓದಿ. ಪಂಪ್ ಮಾಡಿ ಮಾಡಿ ಮೇಲಿನ ನೀರು 1 ಮೀಟರ್ ಇಳಿಸಿದರೆ ಕೆಳಗಿನ ಉಪ್ಪು 40 ಮೀಟರ್ ಮೇಲೆ ಬರಲು ದಾರಿ ಆಯಿತು. ಒಮ್ಮೆ ಬಂದ ಉಪ್ಪು ಬೇಗ ಹಿಂದೆ ಹೋಗುವುದಿಲ್ಲ. ಅಲ್ಲಿ ತಿಂಗಳಿಗೊಮ್ಮೆ ಮೀಟರ್ ಅದ್ದಿ ಬರೆದಿಟ್ಟರೆ ಸಾಕು, ಅನಾಹುತ ಮೊದಲೇ ಗೊತ್ತಾಗುತ್ತದೆ. ಮನೆಯ ಆರ್‌ಒ ಯಂತ್ರದ, ಅಂದರೆ ಪೊರೆಯ ಮೂಲಕ ಲವಣ ಸೋಸುವ ಯಂತ್ರದ, ಪೊರೆ ಹರಿದಿದೆಯೋ ಇಲ್ಲವೋ ತಿಳಿಯಲೂ ಅದೇ ಮೀಟರ್ ಸಾಕು.

ಆರ್‌ಒ ಯಂತ್ರವೂ ಬೇಡ ಎನ್ನುವವಳು ನಾನಲ್ಲ. ಫ್ಲೋರೈಡ್ ಇರುವ ಕಡೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಲೀಟರ್ ಒಳ್ಳೆ ನೀರು ಕೊಡಲು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ನೀರನ್ನೇ ಹೊರಗೆ ಬಿಡುತ್ತದೆ. ಆ ಹೊರಗೆ ಹೋದ ನೀರಿನಲ್ಲಿ ಬೇಡದ್ದೆಲ್ಲ ಇನ್ನೂ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ಪರೀಕ್ಷೆ ಮಾಡಿಸದೆ, ಬೇಕೋ ಬೇಡವೋ ತಿಳಿಯದೆ, ಬರೀ ಮೀಟರ್ ಸಂಖ್ಯೆಗೆ ಹೆದರಿ ಅದನ್ನು ಹಾಕಿಸಿಕೊಂಡ ಮನೆಗಳೆಷ್ಟೋ. ಸರಿಯಾದ ಪರೀಕ್ಷೆ ಮಾಡಿಸಿದ್ದರೆ ಅವುಗಳಲ್ಲಿ ಹಲವರಿಗೆ ಸ್ವಲ್ಪ ಕ್ಲೋರಿನ್ ಸಾಕಿತ್ತು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇದು. ನೀರಿನ ಸುದ್ದಿ ಬರೆಯುವಾಗ "ಶುದ್ಧ" "ಅಶುದ್ಧ" ಎಂದು ನಿಲ್ಲಿಸಬೇಡಿ, ಟಿಡಿಎಸ್ ಒಂದನ್ನೇ ಹಾಕಬೇಡಿ. ಏನೇನು ಪರೀಕ್ಷೆ ಮಾಡಿದ್ದಾರೆ, ಏನು ಮಾಡಿಲ್ಲ ಎಂದು ಕೇಳಿ ಬರೆಯಿರಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಕಬ್ಬಿಣ, ಮಲದ ರೋಗಾಣು, ನಲ್ಲಿಯ ತುದಿಯಲ್ಲಿ ಉಳಿದ ಕ್ಲೋರಿನ್. ಇಷ್ಟಾದರೂ ಬೇಕು. ನೀರು ಬಂದ ಬಂಡೆ ಯಾವುದು, ಬಾವಿ ಎಷ್ಟು ಆಳ ಎಂದೂ ಕೇಳಿ. ಅದು ಗೊತ್ತಿದ್ದರೆ ಏನನ್ನು ಹುಡುಕಬೇಕು ಎಂದು ಅರ್ಧ ಗೊತ್ತಾದಂತೆ. ನೀರು ಕೊಡುವವರು ಪರೀಕ್ಷೆ ಮಾಡಿಸಿ ಫೈಲಿನಲ್ಲಿ ಇಟ್ಟರೆ ಸಾಲದು. ನೀರು ಹಿಡಿಯುವ ಜಾಗದಲ್ಲೇ, ದೊಡ್ಡ ಅಕ್ಷರದಲ್ಲಿ, ತಾರೀಕು ಸಮೇತ ಹಾಕಬೇಕು. ಮಳೆಗೆ ಮೊದಲು ಒಮ್ಮೆ, ಮಳೆಯ ನಂತರ ಒಮ್ಮೆ ನೋಡಬೇಕು. ಎರಡೂ ಹೊತ್ತಿನಲ್ಲಿ ನೀರು ಬೇರೆ ಬೇರೆ.

ನೀರು ತರುವ ಓದುಗರಿಗೂ ಎರಡು ಮಾತು ಹೇಳಬೇಕು, ಯಾಕೆಂದರೆ ತಪ್ಪಾಗಿ ಹಿಡಿದ ನೀರಿನಿಂದ ಎಷ್ಟೋ ರಿಪೋರ್ಟ್ ಹಾಳಾಗುವುದನ್ನು ಕಂಡಿದ್ದೇನೆ. ಲವಣಗಳ ಪರೀಕ್ಷೆಗೆ ಕೊಡುವ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರು ಕೊಡುವ ಸಣ್ಣ ಬಾಟಲಿಯನ್ನು ಮಾತ್ರ ತೊಳೆಯಲೇಬೇಡಿ. ನಲ್ಲಿ ನೀರಿಗೆ ಕೊಡುವ ಬಾಟಲಿಯೊಳಗೆ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಥಯೋಸಲ್ಫೇಟ್ ಹಾಕಿರುತ್ತೇವೆ. ಕೊಳೆ ಎಂದುಕೊಂಡು ತೊಳೆದು ಬಿಟ್ಟರೆ, ಉಳಿದ ಕ್ಲೋರಿನ್ ಲ್ಯಾಬಿಗೆ ಬರುವಷ್ಟರಲ್ಲಿ ಇದ್ದಬದ್ದ ರೋಗಾಣುಗಳನ್ನೂ ಕೊಂದುಬಿಡುತ್ತದೆ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ನೀರು ಹಾಗಿರುವುದಿಲ್ಲ. ಒಳಗೆ ಬೆರಳು ತಾಗಿಸಬೇಡಿ. ಮಂಜುಗಡ್ಡೆ ಇಟ್ಟ ಡಬ್ಬಿಯಲ್ಲಿ ತನ್ನಿ, ಆದಷ್ಟು ಅದೇ ದಿನ ಮುಟ್ಟಿಸಿ, 24 ಗಂಟೆ ದಾಟಬಾರದು.

ಈ ಎರಡಕ್ಕೂ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಹಿಡಿಯಬೇಕು. ಆದರೆ ಹಳೆಯ ಪೈಪಿನಿಂದ ಸೀಸ ಬರುತ್ತಿದೆಯೇ ಎಂದು ನೋಡಲು ಇದರ ಉಲ್ಟಾ ಮಾಡಬೇಕು. ರಾತ್ರಿಯಿಡೀ ನಲ್ಲಿ ಮುಚ್ಚಿಟ್ಟು, ಬೆಳಗ್ಗೆ ಬಿಟ್ಟ ಮೊದಲ ನೀರನ್ನೇ ಹಿಡಿಯಬೇಕು. ಪೈಪಿನಲ್ಲಿ ನಿಂತ ನೀರಿನಲ್ಲೇ ಸೀಸ ಸೇರಿರುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ನೀರಿನ ಮೂಲ ಬದಲಿಸಿದರು. ಪೈಪ್ ಸವೆಯದಂತೆ ತಡೆಯುವ ಔಷಧಿ ಹಾಕಲಿಲ್ಲ. ಮನೆಮನೆಗೆ ಸೀಸ ಹೋಯಿತು. ಅಲ್ಲಿ ಮಾದರಿ ಹಿಡಿಯುವ ಹಿಂದಿನ ರಾತ್ರಿ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು ಪೈಪ್ ತೊಳೆಯಿರಿ ಎಂದು ಜನರಿಗೆ ಸೂಚನೆ ಕೊಟ್ಟಿದ್ದರು. ಸೀಸದ ಒಂದು ಪಾಲು ಮೊದಲೇ ಮೋರಿಗೆ ಹೋಗಿ, ಬಾಟಲಿಗೆ ಕಡಿಮೆ ಬರುವಂತಾಯಿತು. ಹೇಗೆ ಹಿಡಿದಿರಿ ಎಂಬುದೂ ಪರೀಕ್ಷೆಯ ಭಾಗವೇ.

ಬಾಟಲಿಯ ಚೀಟಿಯಲ್ಲಿ ಹೆಸರು, ತಾರೀಕು, ಸಮಯ ಬರೆಯುತ್ತಾರೆ. "ಬಾವಿಯ ಆಳ" ಎಂಬ ಜಾಗವನ್ನು ಹತ್ತರಲ್ಲಿ ಎಂಟು ಜನ ಖಾಲಿ ಬಿಡುತ್ತಿದ್ದರು. ಸರ್ವಿಸ್ಸಿನ ಕೊನೆಯ ದಿನದವರೆಗೂ ನಾನು ಅದನ್ನು ಕೇಳಿ ಕೇಳಿ ಬರೆದುಕೊಂಡೆ. ಕಂದು ಗೆರೆಯ ಹಲ್ಲಿನ ಆ ಹುಡುಗನ ತಂದೆ ಮಾತ್ರ ಕೇಳುವ ಮೊದಲೇ ಬರೆದುಕೊಂಡು ಬಂದಿದ್ದರು. ಅವರ ಹಳೆಯ ತೆರೆದ ಬಾವಿ ಪಾಳು ಬಿದ್ದಿತ್ತು, ಅದರಲ್ಲಿ ಇನ್ನೂ ಸ್ವಲ್ಪ ನೀರಿದೆ ಎಂದರು. ಮರುವಾರ ಅದರ ನೀರನ್ನೂ ತಂದರು. ಫ್ಲೋರೈಡ್ 0.9 ಬಂತು. ಬಾವಿಯ ಹೂಳು ತೆಗೆಸಿ, ಕ್ಲೋರಿನ್ ಹಾಕಿ, ಕುಡಿಯಲು ಅದನ್ನೇ ಬಳಸಿ ಎಂದು ರಿಪೋರ್ಟಿನ ಕೆಳಗೆ ಕೈಬರಹದಲ್ಲಿ ಬರೆದುಕೊಟ್ಟೆ. ಹಾಗೆ ಬರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಅವರಿಗೆ ಒಬ್ಬಳು ಚಿಕ್ಕ ಮಗಳು ಇದ್ದಳು, ಅವಳಿಗೆ ಹಾಲುಹಲ್ಲು ಬಿದ್ದ ಮೇಲೆ ಬರುವ ಗಟ್ಟಿ ಹಲ್ಲು ಇನ್ನೂ ಮೂಡಿರಲಿಲ್ಲ.

ಇಂತಿ,
ನಿಮ್ಮ ಓದುಗಳಾದ ಒಬ್ಬ ನಿವೃತ್ತ ನೀರು ಪರೀಕ್ಷಕಿ